ಅಣಬೆ ಪುಡಿ ಮಾರುವವರು ಕೇಳದ ಪ್ರಶ್ನೆ

ಗ್ಯಾನೋಡರ್ಮಾ ಅಣಬೆಯ ಕ್ಯಾಪ್ಸೂಲು, ಕಾಫಿಪುಡಿಗಳು ಬೆಂಗಳೂರಿನ ನಮ್ಮ ತ್ಯಾಗರಾಜನಗರದ ಮನೆಗಳಿಗೆ ಹೆಚ್ಚಾಗಿ ಬರುವುದು ಮೆಡಿಕಲ್ ಸ್ಟೋರಿನಿಂದಲ್ಲ, ಪರಿಚಯದವರ ಕೈಯಿಂದ. ವಾಕಿಂಗಿನ ಜೊತೆಗಾರರೋ ನೆಂಟರೋ ತಂದುಕೊಡುತ್ತಾರೆ. ಹಾಗಾಗಿ ಬೇಡವೆನ್ನುವುದು ಕಷ್ಟ. ಸಕ್ಕರೆ ಕಾಯಿಲೆ, ಬಿ.ಪಿ., ಮಂಡಿನೋವು, ಕ್ಯಾನ್ಸರ್ ಎಲ್ಲಕ್ಕೂ ಇದು ಒಳ್ಳೆಯದಂತೆ, ಸೈಡ್ ಎಫೆಕ್ಟ್ ಇಲ್ಲವೇ ಇಲ್ಲವಂತೆ. ನನ್ನ ತಕರಾರು ಮುಖ್ಯವಾಗಿ ಆ ಕೊನೆಯ ಮಾತಿನ ಮೇಲೆ.

ಅಣಬೆಯನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಚೀನಾದವರು ಲಿಂಗ್‌ಝಿ ಎಂದೂ ಜಪಾನಿನವರು ರೇಶಿ ಎಂದೂ ಇದನ್ನು ಶತಮಾನಗಳಿಂದ ಕಷಾಯ ಮಾಡಿ ಕುಡಿದಿದ್ದಾರೆ. ಇದರಲ್ಲಿರುವ ಬೀಟಾ ಗ್ಲುಕಾನ್, ಕಹಿಯಾದ ಟ್ರೈಟರ್ಪೀನುಗಳು ದೇಹದ ಮೇಲೆ ಕೆಲಸ ಮಾಡಬಲ್ಲವು. ಕೆಲಸ ಮಾಡುವ ವಸ್ತು ಬೇಡದ ಕಡೆಯೂ ಕೆಲಸ ಮಾಡೀತು. ಮಾರುವವರು ಮರೆಯುವುದು ಇದನ್ನೇ.

ಪುರಾವೆ ಎಷ್ಟಿದೆ? ಚಿಕಿತ್ಸೆಗಳ ಪುರಾವೆಯನ್ನು ತೂಗಿನೋಡುವ ಕಾಕ್ರೇನ್ ಸಂಸ್ಥೆ 2016ರಲ್ಲಿ ಕ್ಯಾನ್ಸರ್ ರೋಗಿಗಳ ಮೇಲೆ ನಡೆದ ಐದು ಪ್ರಯೋಗಗಳನ್ನು ಪರಿಶೀಲಿಸಿತು; ಒಟ್ಟು 373 ಜನ. ಕೀಮೋ ಅಥವಾ ರೇಡಿಯೇಷನ್ ಜೊತೆಗೆ ಕೊಟ್ಟಾಗ ಸ್ವಲ್ಪ ಅನುಕೂಲ ಕಂಡಿರಬಹುದು, ಮೊದಲ ಚಿಕಿತ್ಸೆಯಾಗಿ ಬಳಸಲು ಮಾತ್ರ ಆಧಾರ ಸಾಲದು ಎಂದಿತು. ಸಕ್ಕರೆ ಕಾಯಿಲೆಯವರ ಬಗ್ಗೆ 2015ರ ಪರಿಶೀಲನೆಯಲ್ಲಿ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆಯ ಮಟ್ಟ) ಇಳಿದದ್ದು ಕಾಣಲಿಲ್ಲ. ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯುತ್ತಿರುವವರಿಗೆ ಅದನ್ನು ಬಿಟ್ಟು ಇದನ್ನು ಹಿಡಿಯಿರಿ ಎನ್ನುವುದು ಅಪರಾಧಕ್ಕೆ ಸಮ.

ಅಪಾಯದ ಕಡೆ ನೋಡಿ. ರಕ್ತ ಹೆಪ್ಪುಗಟ್ಟುವುದನ್ನು ಈ ಅಣಬೆ ತಡೆಯಬಲ್ಲದು. ಜಯದೇವ ಹೃದ್ರೋಗ ಆಸ್ಪತ್ರೆಯಲ್ಲಿ ಹೃದಯದ ಕವಾಟ ಬದಲಿಸಿಕೊಂಡು ರಕ್ತ ಹೆಪ್ಪುಗಟ್ಟದಂತೆ ಅಸಿಟ್ರೋಂ ನುಂಗುತ್ತಾ, ಅದರ ಪ್ರಭಾವ ಅಳೆಯಲು ಆಗಾಗ ಐಎನ್‌ಆರ್ ಪರೀಕ್ಷೆ ಮಾಡಿಸಿಕೊಳ್ಳುವವರು ನಮ್ಮ ಬಡಾವಣೆಗಳಲ್ಲಿದ್ದಾರೆ. ಸ್ಟೆಂಟ್ ಹಾಕಿಸಿಕೊಂಡು ಆಸ್ಪಿರಿನ್, ಕ್ಲೋಪಿಡೋಗ್ರೆಲ್ ತೆಗೆದುಕೊಳ್ಳುವವರೂ ಇದ್ದಾರೆ. ಇವರಿಗೆ ರಕ್ತಸ್ರಾವದ ಭಯ ಹೆಚ್ಚುತ್ತದೆ. ಬಿ.ಪಿ., ಸಕ್ಕರೆಯ ಮಾತ್ರೆ ಜೊತೆಗಿದ್ದರೆ ಅವೂ ಅತಿಯಾಗಿ ಇಳಿಯಬಹುದು. ಯಕೃತ್ತಿಗೆ ಹಾನಿಯಾದ ಪ್ರಕರಣಗಳು ಇನ್ನೂ ಗಂಭೀರ: 2004ರಲ್ಲಿ ಹಾಂಗ್‌ಕಾಂಗ್‌ನಿಂದ, 2007ರಲ್ಲಿ ಥಾಯ್ಲೆಂಡಿನಿಂದ ವೈದ್ಯರು ವರದಿ ಮಾಡಿದ್ದು ಕಷಾಯ ಬಿಟ್ಟು ಪುಡಿಗೆ ಬದಲಾದವರ ಬಗ್ಗೆ. ಸಾವೂ ಸಂಭವಿಸಿತ್ತು. ಇಂಥ ಪ್ರಕರಣಗಳು ವಿರಳ, ನಿಜ. ಆದರೆ ಕಷಾಯದ ಹಳೆಯ ಹೆಸರನ್ನು ಇಂದಿನ ಪುಡಿಗೆ ಖಾತರಿಯಾಗಿ ತೋರಿಸುವ ವಾದ ಅಲ್ಲಿಗೇ ಬಿದ್ದುಹೋಗುತ್ತದೆ.

ನಮ್ಮ ಕಾನೂನು ಈ ವಿಷಯದಲ್ಲಿ ಮಾರುವವರಿಗಿಂತ ಪ್ರಾಮಾಣಿಕ. ಆರೋಗ್ಯಪೂರಕಗಳ ಮೇಲೆ ಔಷಧವಾಗಿ ಬಳಸಲು ಅಲ್ಲವೆಂದು ಮುದ್ರಿಸಬೇಕೆಂಬುದು 2016ರ ಆಹಾರ ಸುರಕ್ಷತಾ ನಿಯಮ. ಕ್ಯಾನ್ಸರ್, ಮಧುಮೇಹ ವಾಸಿಮಾಡುತ್ತೇವೆಂಬ ಜಾಹೀರಾತನ್ನು ಔಷಧ ಮತ್ತು ಮಾಂತ್ರಿಕ ಪರಿಹಾರಗಳ 1954ರ ಕಾಯ್ದೆಯೇ ನಿಷೇಧಿಸಿದೆ. ಪಾರ್ಕಿನ ಬೆಂಚಿನ ಮೇಲಿನ ಮಾತನ್ನು ಮಾತ್ರ ಯಾವ ಅಧಿಕಾರಿಯೂ ಕೇಳಿಸಿಕೊಳ್ಳುವುದಿಲ್ಲ.

ನೀವು ಈಗ ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ ಎಂದು ಕೇಳದೆ ಡಬ್ಬಿ ಕೊಡುವವರಿಂದ, ಅವರು ಎಷ್ಟೇ ಆತ್ಮೀಯರಾಗಿರಲಿ, ದಯವಿಟ್ಟು ಕೊಳ್ಳಬೇಡಿ. ಈಗಾಗಲೇ ತೆಗೆದುಕೊಳ್ಳುತ್ತಿದ್ದರೆ ಮುಂದಿನ ಸಲ ಡಾಕ್ಟರ ಬಳಿ ಡಬ್ಬಿಯನ್ನೇ ಕೊಂಡೊಯ್ದು ತೋರಿಸಿ. ಆಪರೇಷನ್ ಗೊತ್ತಾಗಿದ್ದರೆ ಎರಡು ವಾರ ಮೊದಲೇ ನಿಲ್ಲಿಸಿ, ಅರಿವಳಿಕೆ ಕೊಡುವ ವೈದ್ಯರಿಗೂ ತಿಳಿಸಿ.