ಆಟಿಯ ಮಳೆಯಲ್ಲಿ ಹತ್ತುವ ಗಾಡಿ

ಕೊಡಚಾದ್ರಿಗೆ ಜನರನ್ನು ಹೊತ್ತೊಯ್ಯುವ ಜೀಪಿನಲ್ಲಿ ಒಮ್ಮೆ ಕುಳಿತವರು ಆ ಏರನ್ನು ಮರೆಯುವುದಿಲ್ಲ. ಅಲ್ಲಿ ರಸ್ತೆ ಎಂಬುದಿಲ್ಲ. ಮಳೆನೀರು ಕೊರೆದ ಚರಂಡಿ, ನಡುವೆ ತಲೆಗಾತ್ರದ ಕಲ್ಲುಗಳು, ಬದಿಯಲ್ಲಿ ಕೆಂಪು ಜೇಡಿ. ಒಳಗೆ ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತ ಜನ. ನಾನು ಪ್ರತಿ ಸಲವೂ ನೋಡುವುದು ಚಾಲಕನ ಬಲಗಾಲನ್ನು. ಅದು ಅಲುಗುವುದೇ ಅಪರೂಪ. ಗಾಡಿ ತಗ್ಗು ಗೇರಿನಲ್ಲಿ ಆಮೆಯಂತೆ ತಾನೇ ಹತ್ತುತ್ತಿರುತ್ತದೆ, ಅವರು ಸ್ಟೇರಿಂಗ್ ಮಾತ್ರ ನೋಡಿಕೊಳ್ಳುತ್ತಾರೆ. ಒಮ್ಮೆ ಕೇಳಿದ್ದಕ್ಕೆ ಬಂದ ಉತ್ತರ ಇದು: "ಪವರ್ ಎಂತಕ್ಕೆ ಮಾರಾಯರೆ? ಚಕ್ರ ಹಿಡಿಯಬೇಕು, ಅಷ್ಟೇ."

ಗುಡ್ಡಕ್ಕೆ ಗಾಡಿ ಕೊಳ್ಳಬೇಕೆಂದು ಕೇಳುವವರಿಗೆ ನಾನು ಈ ಮಾತನ್ನೇ ಮೊದಲು ಹೇಳುತ್ತೇನೆ. ಮಂಗಳೂರಿನ ಶೋರೂಮುಗಳಲ್ಲಿ ಮಾತು ಶುರುವಾಗುವುದು ಅಶ್ವಶಕ್ತಿಯಿಂದ, ಮುಗಿಯುವುದು ಪರದೆಯ ಗಾತ್ರದಿಂದ. ಚಾರ್ಮಾಡಿಯ ಕೆಳಗಿನ ತೋಟದಲ್ಲಿ ಜುಲೈ ತಿಂಗಳಲ್ಲಿ ಅವೆರಡೂ ಕೆಲಸಕ್ಕೆ ಬರುವುದಿಲ್ಲ.

ನಮ್ಮಲ್ಲಿ ಜೀಪಿಗೂ ಕಾಡಿಗೂ ನಂಟು ಬೆಳೆದದ್ದರಲ್ಲಿ ಬೇಟೆಯ ಪಾಲು ದೊಡ್ಡದು. ಎರಡನೇ ಮಹಾಯುದ್ಧ ಮುಗಿದ ಮೇಲೆ ವಿಲ್ಲಿಸ್ ಜೀಪನ್ನು ಮಹೀಂದ್ರದವರು ಇಲ್ಲಿಯೇ ಜೋಡಿಸತೊಡಗಿದರು. ಘಟ್ಟದ ತೋಟದವರ ಕೈಗೂ ಅದು ಬಂತು. ಹಗಲು ಗೊಬ್ಬರದ ಮೂಟೆ, ರಾತ್ರಿ ಕೋವಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು, 1991ರ ತಿದ್ದುಪಡಿಯ ನಂತರ ಪರವಾನಗಿಯ ಬೇಟೆಯೂ ನಿಂತಿತು. ನಿಂತದ್ದು ಒಳ್ಳೆಯದೇ ಆಯಿತು. ಹಂದಿ ಹೊಡೆದ ಕಥೆಗಳನ್ನು ಕೇಳುತ್ತ ಬೆಳೆದ ನನಗೂ ಇವತ್ತು ಒಂದು ಕಾಟಿ ದಾರಿ ದಾಟುವುದನ್ನು ಎಂಜಿನ್ ನಿಲ್ಲಿಸಿ ನೋಡುವುದಕ್ಕಿಂತ ದೊಡ್ಡ ಸಂತೋಷವಿಲ್ಲ. ಬೇಟೆ ಹೋದರೂ ಗಾಡಿಯ ಅಗತ್ಯ ಹೋಗಲಿಲ್ಲ. ತೋಟ ಅಲ್ಲೇ ಇದೆ, ಗುಡ್ಡ ಅಲ್ಲೇ ಇದೆ, ಮಳೆಯೂ ಅಷ್ಟೇ ಇದೆ.

ವಿದೇಶದ ಬೇಟೆಗಾರರು ಬಳಸುವ ನಾಲ್ಕು ಚಕ್ರದ ಪುಟ್ಟ ಎಟಿವಿಯನ್ನು ಯೂಟ್ಯೂಬಿನಲ್ಲಿ ನೋಡಿ ಆಸೆಪಡುವ ಹುಡುಗರಿದ್ದಾರೆ. ಸಾಮಾನ್ಯ ಎಟಿವಿಯನ್ನು ನಮ್ಮ ರಸ್ತೆಗೆ ಇಳಿಸುವ ಹಾಗಿಲ್ಲ. ಪೊಲಾರಿಸ್ ಕಂಪನಿ 2021ರಲ್ಲಿ ಸ್ಪೋರ್ಟ್ಸ್‌ಮನ್ 570 ಎಂಬುದನ್ನು ಟ್ರ್ಯಾಕ್ಟರ್ ಆಗಿ ನೋಂದಣಿಯಾಗುವಂತೆ ತಂದದ್ದುಂಟು. ನೂರಾರು ಎಕರೆಯ ಎಸ್ಟೇಟಿನವರಿಗೆ ಅದು ಸರಿ. ಮಂಗಳೂರಿನಲ್ಲಿ ಮನೆ, ಬೆಳ್ತಂಗಡಿಯಲ್ಲಿ ತೋಟ ಇರುವವರು ಮಳೆಯಲ್ಲಿ ಅದರ ಮೇಲೆ ನೆನೆಯುತ್ತ ಎಷ್ಟು ದೂರ ಹೋಗುತ್ತಾರೆ? ನಮಗೆ ಜೀಪೇ ಆಗಬೇಕು.

ಮೊದಲು ನೋಡಬೇಕಾದದ್ದು '4ಎಲ್' ಎಂಬ ಗುರುತು ಇದೆಯೇ ಎಂದು. ಇದು ಎಂಜಿನ್ನಿನ ತಿರುಗುವಿಕೆಯನ್ನು ಇನ್ನಷ್ಟು ತಗ್ಗಿಸಿ, ಎಳೆತವನ್ನು ಹೆಚ್ಚಿಸಿ ನಾಲ್ಕೂ ಚಕ್ರಗಳಿಗೆ ಕೊಡುವ ತಗ್ಗು ಗೇರು. ಹತ್ತುವುದಕ್ಕಿಂತ ಇಳಿಯುವಾಗ ಇದರ ಬೆಲೆ ತಿಳಿಯುತ್ತದೆ. ಜಾರುವ ಇಳಿಜಾರಿನಲ್ಲಿ ಬ್ರೇಕ್ ಒತ್ತಿದರೆ ಚಕ್ರ ಕಚ್ಚಿಕೊಂಡು ಗಾಡಿ ಸ್ಲೆಡ್ಡಿನಂತೆ ಹೋಗುತ್ತದೆ. ತಗ್ಗು ಗೇರಿನಲ್ಲಿ ಬಿಟ್ಟರೆ ಎಂಜಿನ್ನೇ ಹಿಡಿದುಕೊಂಡು ಮೆಲ್ಲಗೆ ಇಳಿಸುತ್ತದೆ. ಎಸ್‌ಯುವಿ ಎಂದು ಮಾರುವ ಹೆಚ್ಚಿನವುಗಳಲ್ಲಿ ಇದು ಇಲ್ಲ. ಮಹೀಂದ್ರದ ಥಾರ್ ಎಂದ ಮಾತ್ರಕ್ಕೆ ಇದೆ ಎಂದೂ ಅಲ್ಲ, 2023ರಿಂದ ಹಿಂದಿನ ಚಕ್ರಕ್ಕೆ ಮಾತ್ರ ಶಕ್ತಿ ಹೋಗುವ ಥಾರ್ ಕೂಡ ಬರುತ್ತಿದೆ. ನೋಡಲು ಎರಡೂ ಒಂದೇ.

ಆಮೇಲಿನದು ತೂಕ. ಜನ ಇದನ್ನು ಕೇಳುವುದೇ ಇಲ್ಲ, ನಾನು ಇದಕ್ಕೇ ಹೆಚ್ಚು ಬೆಲೆ ಕೊಡುತ್ತೇನೆ. 1985ರಲ್ಲಿ ಬಂದ ಮಾರುತಿ ಜಿಪ್ಸಿ ಹೆಚ್ಚುಕಡಿಮೆ ಒಂದು ಟನ್ ತೂಗುತ್ತಿತ್ತು. ಎಂಜಿನ್ ಸಣ್ಣದು, ಸೀಟು ಗಟ್ಟಿ, ಆದರೂ ಸೇನೆಯಿಂದ ಸಫಾರಿಯವರೆಗೆ ಎಲ್ಲರೂ ದಶಕಗಟ್ಟಲೆ ಅದನ್ನು ಬಿಡಲಿಲ್ಲ. ಕೆಸರಿನಲ್ಲಿ ಹೂತರೆ ನಾಲ್ಕು ಜನ ಸೇರಿ ಒಂದು ತುದಿ ಎತ್ತಿ ಸರಿಸಬಹುದಿತ್ತು. 2023ರಲ್ಲಿ ಬಂದ ಮಾರುತಿಯ ಐದು ಬಾಗಿಲಿನ ಜಿಮ್ನಿ ಸುಮಾರು 1200 ಕೆಜಿ, ಅಗಲ 1645 ಮಿಲಿಮೀಟರ್. 2020ರ ಥಾರ್ ಅದಕ್ಕಿಂತ 400 ಕೆಜಿಗೂ ಹೆಚ್ಚು ಭಾರ, 1820 ಮಿಲಿಮೀಟರ್ ಅಗಲ. ಒಂದು ಕಡೆ ಬರೆ, ಇನ್ನೊಂದು ಕಡೆ ಕಣಿ ಇರುವ ಅಡಿಕೆ ತೋಟದ ದಾರಿಯಲ್ಲಿ ಆ ಹದಿನೇಳೂವರೆ ಸೆಂಟಿಮೀಟರ್ ಎಂದರೆ ಗಾಡಿ ದಾಟುವುದು ಅಥವಾ ಕಣಿಗೆ ಇಳಿಯುವುದು. ನೆನೆದ ದಾರಿಯ ಅಂಚು ಭಾರಕ್ಕೆ ಜರಿಯುತ್ತದೆ.

ಥಾರಿನ ಪರವಾಗಿಯೂ ಹೇಳಬೇಕು. ನೆಲದಿಂದ ಎತ್ತರ 226 ಮಿಲಿಮೀಟರ್, ಜಿಮ್ನಿಯದು 210. ಥಾರ್ 650 ಮಿಲಿಮೀಟರ್ ಆಳದ ನೀರನ್ನು ದಾಟಬಹುದೆಂದು ಕಂಪನಿಯೇ ಹೇಳುತ್ತದೆ. ಡೀಸೆಲ್ ಎಂಜಿನ್ನಿಗೆ ಭಾರ ಎಳೆಯುವ ತಾಕತ್ತಿದೆ. ಕೆಲವು ಮಾದರಿಗಳಲ್ಲಿ ಹಿಂದಿನ ಡಿಫರೆನ್ಷಿಯಲ್ ತಾನಾಗಿ ಲಾಕ್ ಆಗುತ್ತದೆ. ಒಂದು ಚಕ್ರ ಗಾಳಿಯಲ್ಲಿ ಗಿರಗಿರ ತಿರುಗುತ್ತಿದ್ದರೆ ನೆಲದಲ್ಲಿರುವ ಚಕ್ರಕ್ಕೂ ಶಕ್ತಿ ಸಿಗುವುದು ಇದರಿಂದ. ಜಿಮ್ನಿ ಈ ಕೆಲಸವನ್ನು ಸುಮ್ಮನೆ ತಿರುಗುವ ಚಕ್ರಕ್ಕೆ ಬ್ರೇಕ್ ಹಾಕಿ ಮಾಡುತ್ತದೆ. ದಿನವೂ ಹತ್ತು ಮೂಟೆ ಹೇರುವವರು ಥಾರ್ ಡೀಸೆಲ್ ಕೊಳ್ಳಿ. ಇಬ್ಬರು ಮೂವರು ಓಡಾಡುವವರಿಗೆ, ಹಕ್ಕಿ ನೋಡಲು ಹೋಗುವವರಿಗೆ, ನಾನು ಯೋಚಿಸದೆ ಜಿಮ್ನಿಯ ಮ್ಯಾನುವಲ್ ಎನ್ನುತ್ತೇನೆ.

ಯಾವುದೇ ಗಾಡಿಯಾಗಲಿ, ಟಯರ್ ಬದಲಿಸದೆ ಗುಡ್ಡಕ್ಕೆ ಹೋಗಬೇಡಿ. ಡಾಂಬರು ರಸ್ತೆಯ ಟಯರಿನ ಸಣ್ಣ ಗೆರೆಗಳಲ್ಲಿ ನಮ್ಮ ಜೇಡಿ ಒಂದೇ ಸುತ್ತಿಗೆ ತುಂಬಿಕೊಳ್ಳುತ್ತದೆ, ಮತ್ತೆ ಅದು ನುಣುಪಾದ ಉರುಳೆ. ದಪ್ಪ ಹಲ್ಲುಗಳಿರುವ, ಕಂಪನಿ ಹೇಳಿದ ಅಳತೆಯದೇ ಟಯರ್ ಹಾಕಿಸಿ. ಅಗಲದ ಟಯರ್ ಚಂದ ಕಾಣುತ್ತದೆ, ಕೆಸರಿನ ಮೇಲೆ ತೇಲುತ್ತದೆ. ಕಿರಿದು ಕೆಸರನ್ನು ಸೀಳಿ ಕೆಳಗಿನ ಮುರಕಲ್ಲನ್ನು ಹಿಡಿಯುತ್ತದೆ.

ಹಳೆಯ ಜಿಪ್ಸಿ ಕೊಳ್ಳುವವರಿಗೆ ನನ್ನ ನೋವಿನ ಮಾತೊಂದಿದೆ. ಹೊಸ ಬಣ್ಣ ಹೊಡೆದ ಚಂದದ ಗಾಡಿಯೊಂದನ್ನು ಕರಾವಳಿಯ ಮಾರಾಟಗಾರರೊಬ್ಬರಿಂದ ಕೊಂಡೆ. ಅಡಿಯಲ್ಲಿ ಕಪ್ಪು ಲೇಪ ಹೊಳೆಯುತ್ತಿತ್ತು. ಮೂರನೆಯ ತಿಂಗಳಲ್ಲಿ ಸ್ಪ್ರಿಂಗಿನ ಪಟ್ಟಿ ಕೂರುವ ಜಾಗದಲ್ಲೇ ಚಾಸಿ ಬಿರಿಯಿತು. ಕಡಲ ಉಪ್ಪುಗಾಳಿ ಒಳಗಿಂದ ತಿಂದು ಮುಗಿಸಿತ್ತು. ಬಗ್ಗಿ, ಅಡಿಗೆ ನುಗ್ಗಿ, ಸಣ್ಣ ಸುತ್ತಿಗೆಯಿಂದ ಚಾಸಿಯನ್ನು ಉದ್ದಕ್ಕೂ ಬಡಿದು ನೋಡಿ. ಟಣ್ ಎನ್ನಬೇಕು. ಮಂಕು ಸದ್ದು ಬಂದ ಕಡೆ ತುಕ್ಕಿದೆ.

ಇಷ್ಟೆಲ್ಲ ಹತ್ತುವ ಗಾಡಿ ಕೈಗೆ ಬಂದಾಗ ಹುಲ್ಲುಗಾವಲಿನ ಬೆಟ್ಟ ಕಂಡರೆ ಕೈ ಕಡಿಯುವುದು ನನಗೂ ಗೊತ್ತು. ಕುದುರೆಮುಖ 1987ರಿಂದ ರಾಷ್ಟ್ರೀಯ ಉದ್ಯಾನ, ಪುಷ್ಪಗಿರಿ ವನ್ಯಧಾಮ. ಅಲ್ಲಿ ದಾರಿ ಬಿಟ್ಟು ಇಳಿಯುವುದು ಅಪರಾಧ. ಅಪರಾಧವಲ್ಲದ ಕಡೆಯೂ ಬೇಡ. ಹುಲ್ಲಿನ ಮೇಲೆ ಮೂಡಿದ ಎರಡು ಚಕ್ರದ ಗೆರೆ ಮುಂದಿನ ಮಳೆಗೆ ಎರಡು ತೋಡಾಗುತ್ತದೆ, ಮಣ್ಣು ಕೆಳಗಿನ ಹೊಳೆ ಸೇರುತ್ತದೆ. ನಾವು ಮಂಗಳೂರಿನವರು ಕುಡಿಯುವುದು ನೇತ್ರಾವತಿಯ ನೀರನ್ನು.

ಕೊಳ್ಳುವ ಮುನ್ನ ಒಂದು ಕೆಲಸ ಮಾಡಿ. ಟೆಸ್ಟ್ ಡ್ರೈವನ್ನು ಪಂಪ್‌ವೆಲ್ಲಿನಿಂದ ಕದ್ರಿಗೆ ಮುಗಿಸಬೇಡಿ. ಆಟಿ ತಿಂಗಳಲ್ಲಿ, ಮಳೆ ಸುರಿಯುವ ದಿನ, ನಾಲ್ಕು ಜನ ಕುಳಿತು ನಿಮ್ಮ ತೋಟದ ದಾರಿಗೇ ಗಾಡಿ ತರಿಸಿ. ತರಲು ಒಪ್ಪದಿದ್ದರೆ ಬೇರೆ ಕಡೆ ಕೊಳ್ಳಿ.