ಎದುರಿಗೆ ನಿಂತ ಹೆಂಗಸು

ಧಾರಾವಾಹಿಯ ನಾಯಕಿ ಎಂಥವಳೆಂದು ತಿಳಿಯಬೇಕಾದರೆ ನಾನು ಮೊದಲು ನೋಡುವುದು ಅವಳ ಎದುರಿಗೆ ತಂದು ನಿಲ್ಲಿಸಿದ ಹೆಂಗಸನ್ನು.

2021ರ ಡಿಸೆಂಬರಿನಲ್ಲಿ ಜೀ ಕನ್ನಡದಲ್ಲಿ ಶುರುವಾದ ‘ಪುಟ್ಟಕ್ಕನ ಮಕ್ಕಳು’ ತಗೊಳ್ಳಿ. ಗಂಡುಮಗು ಹೆರಲಿಲ್ಲವೆಂದು ಗಂಡ ಬಿಟ್ಟುಹೋದ ಮೇಲೆ ಮೆಸ್ ನಡೆಸಿ ಮೂವರು ಹೆಣ್ಣುಮಕ್ಕಳನ್ನು ಸಾಕಿದವಳು ಪುಟ್ಟಕ್ಕ. ಪುಟ್ಟಕ್ಕನಾಗಿ ಉಮಾಶ್ರೀ ಅಳುವಾಗಿಗಿಂತ ದುಡಿಯುವಾಗಲೇ ಚೆಂದ. ಸೌಟು ಹಿಡಿದ ಕೈಯಲ್ಲೇ ಸಿಟ್ಟು ಕಾಣುತ್ತದೆ. ಸವತಿ ರಾಜೇಶ್ವರಿಯಾಗಿ ಮಂಜುಭಾಷಿಣಿಯೂ ಚುರುಕು. ಆದರೆ ಬರೆದವರು ಆ ಪಾತ್ರದ ಕೈಗೆ ಸಂಚಿನ ಹೊರತು ಏನೂ ಕೊಟ್ಟಿಲ್ಲ. ನಮ್ಮ ಕಡೆಯ ಪಾಮನಕಲ್ಲೂರಿನಲ್ಲಿ ಹತ್ತಿ ಬಿಡಿಸಿ ಬಂದು ಟಿ.ವಿ. ಮುಂದೆ ಕೂತ ದೊಡ್ಡವ್ವ ಒಮ್ಮೆ ಕೇಳಿದಳು: “ಆಕಿಗೂ ಏನರ ಒಂದು ಸಂಕಟ ಇರ್ತದಲ್ಲಪಾ, ಅದನ್ಯಾಕ ತೋರ್ಸಂಗಿಲ್ಲ ಇವ್ರು?”

ದೊಡ್ಡವ್ವ ಕೇಳಿದ್ದನ್ನು ಅಮೆರಿಕದ ‘ಬ್ರದರ್ಸ್ ಆಂಡ್ ಸಿಸ್ಟರ್ಸ್’ ತೋರಿಸಿದೆ. ಎಬಿಸಿ ವಾಹಿನಿಯಲ್ಲಿ 2006ರಿಂದ 2011ರವರೆಗೆ ಬಂದ ಕತೆ. ಗಂಡ ಸತ್ತ ಮೇಲೆ ನಾಯಕಿ ನೋರಾಗೆ ಗೊತ್ತಾಗುತ್ತದೆ, ಅವನಿಗೆ ವರ್ಷಗಟ್ಟಲೆ ಹಾಲಿ ಎಂಬಾಕೆಯ ಜತೆ ಸಂಬಂಧವಿತ್ತೆಂದು. ಹಾಲಿ ಮನೆತನದ ವ್ಯಾಪಾರಕ್ಕೂ ಕಾಲಿಡುತ್ತಾಳೆ. ಅವಳ ಹಟಮಾರಿತನ ಕಂಡು ಬೈಯಬೇಕೆನಿಸುತ್ತದೆ. ಆದರೆ ಪ್ರೀತಿಸಿದವನು ಸತ್ತಾಗ ನಾಲ್ಕು ಜನರೆದುರು ಅಳುವ ಹಕ್ಕೂ ಅವಳಿಗಿರಲಿಲ್ಲ ಎಂದು ನೆನಪಾದರೆ ಬಾಯಿ ಕಟ್ಟುತ್ತದೆ. ನೋರಾ ಪಾತ್ರಕ್ಕೆ ಸ್ಯಾಲಿ ಫೀಲ್ಡ್‌ಗೆ 2007ರಲ್ಲಿ ಎಮ್ಮಿ ಪ್ರಶಸ್ತಿ ಬಂತು. ಹಾಲಿಯಾದ ಪೆಟ್ರೀಷಿಯಾ ವೆಟಿಗ್ ಎದುರಿಗಿಲ್ಲದಿದ್ದರೆ ಆ ನೋರಾ ಬರೀ ಗೋಳಿನ ತಾಯಿಯಾಗುತ್ತಿದ್ದಳು. ಒಂದು ವಿಷಯದಲ್ಲಿ ಮಾತ್ರ ಪುಟ್ಟಕ್ಕನೇ ಮೇಲು: ನಾಳೆಯ ಅಕ್ಕಿಬೇಳೆಯ ಚಿಂತೆ ನೋರಾಗೆ ಯಾವತ್ತೂ ಇಲ್ಲ.

ಇನ್ನು ಕಲರ್ಸ್ ಕನ್ನಡದ ‘ಭಾಗ್ಯಲಕ್ಷ್ಮೀ’, 2022ರದು. ಮಗಳ ಜತೆಗೇ ಹತ್ತನೇ ಕ್ಲಾಸಿಗೆ ಕೂತ ಭಾಗ್ಯಳನ್ನು ಎಲ್ಲರೂ ಹೊಗಳಿದರು. ನನ್ನ ಮೆಚ್ಚುಗೆ ಅವಳ ಅತ್ತೆ ಕುಸುಮಾಗೆ. ಗದರುವ ಅತ್ತೆಯಾಗಿ ಬಂದವಳು, ಹೆತ್ತ ಮಗ ತಾಂಡವ್ ದಾರಿ ತಪ್ಪಿದಾಗ ಅವನನ್ನು ಬಿಟ್ಟು ಸೊಸೆಯ ಪಕ್ಕ ನಿಂತಳು. ಪದ್ಮಜಾ ರಾವ್ ಆ ಬದಲಾವಣೆಯನ್ನು ಒಮ್ಮೆಲೇ ತರಲಿಲ್ಲ, ಗದರುವ ದನಿಯನ್ನೂ ಬಿಡಲಿಲ್ಲ. ಅತ್ತೆಯನ್ನು ಇಷ್ಟು ತಾಳ್ಮೆಯಿಂದ ಬರೆದವರೇ ತಾಂಡವ್‌ನ ಪ್ರೇಯಸಿ ಶ್ರೇಷ್ಠಾಳನ್ನು ಕೇಡಿಗೆಂದೇ ಇಟ್ಟುಕೊಂಡರು. ಅವಳ ಸಂಕಟದ ಒಂದು ಸಂಚಿಕೆ ಬರೆದಿದ್ದರೂ ಭಾಗ್ಯ ಇನ್ನಷ್ಟು ಗಟ್ಟಿಯಾಗುತ್ತಿದ್ದಳು.