ಹಗುರಾದವರ ಊಟ

ಮಾಗಿದ ನವಣೆ ತೆನೆ ತನ್ನ ಭಾರಕ್ಕೆ ತಾನೇ ಬಾಗುತ್ತದೆ. ಹೊಂಬಣ್ಣ, ಮೈತುಂಬ ನವಿರು ರೋಮ, ರೋಮದ ನಡುವೆ ಒತ್ತೊತ್ತಾಗಿ ಕೂತ ಪುಟಾಣಿ ಕಾಳು. ಅಂಥ ಒಂದು ಹಿಡಿ ತೆನೆಯನ್ನು ಕಡ್ಡಿಸಮೇತ ಬಾಳೆನಾರಿನಲ್ಲಿ ಬಿಗಿದು, ಹಿತ್ತಿಲ ಕೊಂಬೆಗೋ ಬಾಲ್ಕನಿಯ ಕೊಕ್ಕೆಗೋ ತಲೆಕೆಳಗಾಗಿ ತೂಗುಬಿಟ್ಟರೆ ಸಣ್ಣ ಹಕ್ಕಿಗಳ ಊಟ ಸಿದ್ಧ. ಅಂಗಡಿಯ ಕಾಳುಡಬ್ಬಿಗಳಿಗಿಂತ ಈ ಗೊಂಚಲು ನನಗೆ ಹೆಚ್ಚು ಇಷ್ಟ. ಚೆಂದವಾಗಿದೆ ಎಂಬುದು ಒಂದು ಕಾರಣ. ಯಾರಿಗೆ ಜಾಗ ಕೊಡಬೇಕು, ಯಾರಿಗೆ ಕೊಡಬಾರದು ಎಂಬ ವಿವೇಕ ಅದಕ್ಕೇ ಇದೆ ಎಂಬುದು ಇನ್ನೊಂದು.

ಗುಬ್ಬಚ್ಚಿಗೆಂದು ತಟ್ಟೆಯಲ್ಲಿ ಕಾಳಿಟ್ಟ ಬೆಂಗಳೂರಿನವರಿಗೆ ಮುಂದಿನ ಕಥೆ ಹೇಳಬೇಕಿಲ್ಲ. ಮೊದಲು ಒಂದು ಪಾರಿವಾಳ, ಹಿಂದೆಯೇ ಅದರ ಬಂಧುಬಳಗ. ಸುಮಾರು 300 ಗ್ರಾಂ ತೂಗುವ ಈ ಅತಿಥಿ ತಟ್ಟೆಯ ನಡುವೆ ನಿಂತು ಗುಟುರು ಹಾಕಿತೆಂದರೆ, ಹದಿಮೂರು ಹದಿನಾಲ್ಕು ಗ್ರಾಂನ ರಾಟವಾಳವೆಂಬ ಪುಟ್ಟ ಹಕ್ಕಿ ಅತ್ತ ಸುಳಿಯುವುದುಂಟೆ? ಆಗ ಮನೆಯವರು ಚಪ್ಪಾಳೆ ತಟ್ಟುತ್ತಾರೆ, ಕೋಲು ಹಿಡಿಯುತ್ತಾರೆ, ಹಳೆಯ ಸಿ.ಡಿ. ತೂಗುಹಾಕುತ್ತಾರೆ. ಇದರಿಂದ ಮೊದಲು ಹೆದರಿ ಓಡುವುದು ನಾವು ಕರೆದ ಪುಟ್ಟ ಹಕ್ಕಿಯೇ. ಪಾರಿವಾಳ ಎದುರಿನ ಸಜ್ಜದ ಮೇಲೆ ಕೂತು ನಮ್ಮ ತೋಳು ಸೋಲುವುದನ್ನು ಕಾಯುತ್ತದೆ.

ಪಾರಿವಾಳದ್ದು ತಪ್ಪೇನಿಲ್ಲ. ಅದರ ಪೂರ್ವಿಕರು ಕಡಿದಾದ ಬಂಡೆಗಳ ಅಂಚಿನಲ್ಲಿ ಗೂಡು ಕಟ್ಟಿ, ಬಯಲಲ್ಲಿ ಕಾಳು ಹೆಕ್ಕಿ ಬದುಕಿದವರು. ಸಮತಟ್ಟು ನೆಲದ ಮೇಲೆ ಕುತ್ತಿಗೆ ಕೊಂಕಿಸುತ್ತ ನಡೆಯಲೆಂದೇ ಮೂಡಿದ ಕಾಲುಗಳು ಅದರವು. ಅಪಾರ್ಟ್‌ಮೆಂಟಿನ ಸಜ್ಜ ಅದರ ಕಣ್ಣಿಗೆ ಬಂಡೆಯಂಚೇ. ರಾಟವಾಳ ಹುಲ್ಲಿನ ಮಗು. ನೆಟ್ಟಗೆ ನಿಂತ ಜೊಂಡನ್ನು ಅಡ್ಡಡ್ಡ ಹಿಡಿದು, ಗಾಳಿಗೆ ದಂಟು ತೂಗಿದಂತೆ ತಾನೂ ತೂಗಿ ಉಣ್ಣುವ ವಿದ್ಯೆ ಅದರ ಬೆರಳುಗಳಲ್ಲಿದೆ. ನಾವು ಹಲಗೆ ಇಟ್ಟರೆ ಬಂಡೆ ಮಾಡಿಕೊಟ್ಟ ಹಾಗೆ, ತೆನೆ ಕಟ್ಟಿದರೆ ಹುಲ್ಲುಗಾವಲು ಮಾಡಿಕೊಟ್ಟ ಹಾಗೆ. ಯಾರು ಬರಬೇಕೆಂಬುದು ಅಲ್ಲಿಗೇ ತೀರ್ಮಾನವಾಯಿತು.

ತೂಗುವ ತೆನೆಗೆ ಪಾರಿವಾಳ ಎರಗುವುದನ್ನು ನೋಡಬೇಕು. ರೆಕ್ಕೆ ಪಟಪಟ ಬಡಿದು, ಬಾಲ ಬಿಚ್ಚಿ, ಕಾಲು ಚಾಚುತ್ತದೆ. ಗೊಂಚಲು ಅತ್ತ ಸರಿಯುತ್ತದೆ, ಹಕ್ಕಿ ಇತ್ತ ಜಾರುತ್ತದೆ. ಯಾರೂ ಬೈಯಲಿಲ್ಲ, ಯಾರೂ ಅಟ್ಟಲಿಲ್ಲ. ಅದೇ ಗೊಂಚಲಿಗೆ ಚುಕ್ಕೆ ರಾಟವಾಳ ಬಂದು ತಗುಲಿಕೊಂಡರೆ ತೆನೆ ಒಮ್ಮೆ ತಲೆದೂಗಿ ಸುಮ್ಮನಾಗುತ್ತದೆ. ಕಂದು ಬೆನ್ನು, ಬಿಳಿ ಹೊಟ್ಟೆಯ ಮೇಲೆ ಮೀನಿನ ಹುರುಪೆ ಜೋಡಿಸಿದಂಥ ಕಪ್ಪುಕಂದು ಗೀರು, ಸೀಸದ ಬಣ್ಣದ ದಪ್ಪ ಕೊಕ್ಕು. ಒಂದು ಬಂದರೆ ಬೆನ್ನಿಗೇ ಗುಂಪು.

ಅವು ಉಣ್ಣುವ ಚೆಂದವೇ ಬೇರೆ. ಪಾರಿವಾಳ ಕಾಳನ್ನು ಇಡಿಯಾಗಿ ನುಂಗಿ ಗಂಟಲ ಚೀಲ ತುಂಬಿಸಿಕೊಂಡು ಹೋಗುತ್ತದೆ. ಅರೆಯುವ ಕೆಲಸ ಆಮೇಲೆ ಒಳಗೆ ನಡೆಯಬೇಕು. ರಾಟವಾಳ ಒಂದೊಂದೇ ಕಾಳನ್ನು ಬಿಡಿಸಿ ಕೊಕ್ಕಿನ ಅಂಚಿಗೆ ಒಯ್ದು, ನಾಲಿಗೆಯಿಂದ ಹೊರಳಿಸಿ, ಸಿಪ್ಪೆ ಒಡೆದು ಕೊಕ್ಕಿನ ಬದಿಯಿಂದ ಉದುರಿಸುತ್ತದೆ. ಕೊಕ್ಕು ಮೆಲ್ಲುತ್ತಲೇ ಇರುತ್ತದೆ, ಬಿಸಿಲಿಗೆ ಹೊಟ್ಟು ಮಿನುಗುತ್ತ ಇಳಿಯುತ್ತದೆ. ಈ ಸಾವಧಾನಕ್ಕೆ ಜಾಗ ಕಾಯ್ದಿಡುವುದಕ್ಕಾಗಿಯೇ ದೊಡ್ಡವರನ್ನು ದೂರ ಇಡುವ ಇಷ್ಟೆಲ್ಲ ಉಪಾಯ.

ಗಿಣಿಯ ಮುಂದೆ ಮಾತ್ರ ತೆನೆಯ ಜಾಣತನ ನಡೆಯದು. ತಲೆಕೆಳಗಾಗಿ ಜೋತಾಡುವುದು ಅದಕ್ಕೆ ಹುಟ್ಟುಗುಣ. ಕಡ್ಡಿಯನ್ನೇ ಕತ್ತರಿಸಿ ಹೊತ್ತೊಯ್ಯುತ್ತದೆ. ಗಿಣಿಗಳಿರುವ ಕಡೆ ಪಂಜರದೊಳಗಿನ ಕಾಳುಕೊಳವೆಯೇ ಸರಿ. ತಂತಿಯ ಕಿಂಡಿ ಸುಮಾರು ನಾಲ್ಕು ಸೆಂಟಿಮೀಟರ್ ಇದ್ದರೆ ಗುಬ್ಬಿ, ರಾಟವಾಳ ನುಸುಳುತ್ತವೆ, ಪಾರಿವಾಳ ಗಿಣಿಗಳು ಹೊರಗುಳಿಯುತ್ತವೆ. ತಂತಿಗೂ ಕೊಳವೆಗೂ ನಡುವೆ ದೊಡ್ಡ ಹಕ್ಕಿಯ ಕತ್ತು ಚಾಚಿದರೂ ಎಟುಕದಷ್ಟು ಅಂತರ ಬೇಕು, ಇಲ್ಲವಾದರೆ ಹೊರಗಿನಿಂದಲೇ ಸಮಾರಾಧನೆ. ಅನ್ನ, ಚಪಾತಿ ಚೂರು ಇಡದಿದ್ದರೆ ಕಾಗೆ, ಮೈನಾಗಳ ಆಸಕ್ತಿ ಅರ್ಧ ಇಳಿಯುತ್ತದೆ. ಜೋಳ, ಗೋಧಿ ಬಿಟ್ಟು ನವಣೆ, ಸಾಮೆ ಹಾಕಿದರೆ ಪಾರಿವಾಳದ್ದೂ ತಕ್ಕಮಟ್ಟಿಗೆ ತಗ್ಗುತ್ತದೆ. ಉದುರಿದ ಕಾಳು ಬರಿನೆಲದ ಮೇಲೆ ಬಿದ್ದರೆ ಮತ್ತೆ ಅವುಗಳದೇ ಪಂಕ್ತಿ. ಆದ್ದರಿಂದ ಗೊಂಚಲಿನ ಕೆಳಗೆ ದಟ್ಟ ಪೊದೆ ಇರಲಿ. ಮಳೆಗಾಲದಲ್ಲಿ ನೆನೆದ ತೆನೆಗೆ ಬೂಸ್ಟು ಹಿಡಿಯುತ್ತದೆ, ತೆಗೆದುಬಿಡಬೇಕು. ಅಳಿಲು ಎಲ್ಲ ಕಿಂಡಿಯಲ್ಲೂ ತೂರುತ್ತದೆ. ಅದರ ಪಾಲನ್ನು ಲೆಕ್ಕಕ್ಕೆ ಸೇರಿಸಿಕೊಳ್ಳುವುದೇ ಲೇಸು.

ತೆನೆ ತೂಗುಹಾಕುವುದು ನಮಗೆ ಹೊಸದಲ್ಲ. ಕರಾವಳಿಯಲ್ಲಿ ಹೊಸ ಬೆಳೆಯ ಕದಿರನ್ನು ಮನೆತುಂಬಿಸಿಕೊಂಡು ಬಾಗಿಲಿಗೆ, ಕಂಬಕ್ಕೆ ಕಟ್ಟುತ್ತಾರೆ. ಸಾಗರ ತಾಲ್ಲೂಕಿನ ಕಡೆ ದೀವರ ಸಮುದಾಯದ ಹೆಣ್ಣುಮಕ್ಕಳು ಭತ್ತದ ತೆನೆ ಹೆಣೆದು ತೋರಣ ಮಾಡುತ್ತಾರೆ. ಅದು ಮಂಗಳಕ್ಕೆ ಕಟ್ಟಿದ್ದೆಂದು ಗುಬ್ಬಿಗೆ ಗೊತ್ತಿಲ್ಲ. ದೂರದ ನಾರ್ವೆಯವರೂ ಕ್ರಿಸ್‌ಮಸ್ ಹೊತ್ತಿಗೆ ಓಟ್ಸ್ ತೆನೆಯ ಸಿವುಡನ್ನು ಹಕ್ಕಿಗಳಿಗೆಂದೇ ಎತ್ತರಕ್ಕೆ ಕಟ್ಟುತ್ತಾರೆ. ಇನ್ನು ಗದ್ದೆಯಲ್ಲಿ ಇದೇ ರಾಟವಾಳ ಕಳ್ಳ. ಹಾಲುಗಾಳಿನ ಹೊತ್ತಿಗೆ ಹಿಂಡಾಗಿ ಇಳಿಯುವ ಅದನ್ನು ಅಟ್ಟಲು ರೈತ ಕವಣೆ ಬೀಸುತ್ತಾನೆ, ಡಬ್ಬ ಬಡಿಯುತ್ತಾನೆ. ಹೊಲದಲ್ಲಿ ಅಟ್ಟಿಸಿಕೊಂಡದ್ದೇ ಅಂಗಳದಲ್ಲಿ ನೆಂಟ.

ನಗರ ದಿನದಿನಕ್ಕೂ ಪಾರಿವಾಳಕ್ಕೆ ಹೊಸ ಬಂಡೆಗಳನ್ನು ಕಟ್ಟಿಕೊಡುತ್ತಿದೆ. ರಾಟವಾಳಕ್ಕೆ ಬೇಕಾದ ಹುಲ್ಲನ್ನು ಮಾತ್ರ ಕಳೆಯೆಂದು ಸವರುತ್ತಿದೆ. ತಿನ್ನಲಿಕ್ಕಷ್ಟೇ ಅಲ್ಲ, ಚೆಂಡಿನಂಥ ಗೂಡು ಹೆಣೆಯಲಿಕ್ಕೂ ಅದಕ್ಕೆ ಹುಲ್ಲಿನ ಎಸಳೇ ಬೇಕು. ಮಳೆಗಾಲ ಕಳೆಯುವ ತನಕ ಹಿತ್ತಿಲ ಒಂದು ಮೂಲೆಯಲ್ಲಿ ಹುಲ್ಲು ತೆನೆ ಬಿಡಲಿ, ಕುಡುಗೋಲು ತಡವಾಗಿ ಬರಲಿ. ಅಷ್ಟು ಮಾಡಿದವರು ಪಂಜರದ ಕಿಂಡಿ ಅಳೆಯಬೇಕಿಲ್ಲ, ಗೊಂಚಲೂ ಕಟ್ಟಬೇಕಿಲ್ಲ.